ಹತ್ತಿ ತುರುಕಿದ ಡಬ್ಬಿ

ಬೀದರ ಜಿಲ್ಲೆಯಲ್ಲಿ ಈ ಉತ್ತಮನಷ್ಟು, ಅಂದರೆ ನನ್ನಷ್ಟು, ಚೆಲುವ ಇನ್ನೊಬ್ಬನಿಲ್ಲ ಎಂಬುದು ಎಲ್ಲರಿಗೂ ಗೊತ್ತು. ವಿಶಾಖಾಳೊಬ್ಬಳಿಗೆ ಮಾತ್ರ ಅಂದು ಗೊತ್ತಿರಲಿಲ್ಲ. ಬೀದರ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಚೀಲ ಗಲಗಲ ಎಂದಿತು. ನನ್ನದೂ ಎಂದಿತು. ಎಚ್‌ಐವಿ ಗುಳಿಗೆಯ ಡಬ್ಬಿಯ ಸದ್ದು ನಮ್ಮಂಥವರಿಗೆ ಹತ್ತು ಹರದಾರಿಯಿಂದ ತಿಳಿಯುತ್ತದೆ.

“ಡಬ್ಬ್ಯಾಗ ಹತ್ತಿ ತುರುಕ್ರಿ, ನಾನೂ ತುರುಕ್ತೀನಿ. ಊರಿಗೆಲ್ಲ ಕೇಳಸ್ತದ,” ಎಂದಳು, ಓರೆಗಣ್ಣಲ್ಲಿ ನೋಡಿ.

ನಾನು ನಮ್ಮೂರ ಔರಾದ ಬಸ್ಸು ಬಿಟ್ಟು ಅವಳ ಭಾಲ್ಕಿ ಬಸ್ಸು ಹತ್ತಿದೆ.

“ಭಾಲ್ಕ್ಯಾಗ ನಿಮಗ ಯಾರಿದ್ದಾರ್ರಿ?”

“ಇನ್ನಾ ಯಾರಿಲ್ಲ. ಇಳಿಯೋದ್ರಾಗ ಆಗ್ತಾರ.”

ಕಿಟಕಿಗೆ ತಿರುಗಿ ನಕ್ಕಳು. ಆ ನಗೆಗೆ ಬಸ್ಸೇ ಎರಡು ಗೇಣು ಮೇಲೆದ್ದಿತು.

ಮದುವೆಯಾದ ಎರಡನೇ ವರ್ಷ ಬಸುರಿಯಾದಳು. ಏಳನೇ ತಿಂಗಳಿಗೆ ಆ ನಗೆ ನಿಂತಿತು. ಎಲ್ಲರೂ ಅವಳ ಹೊಟ್ಟೆ ನೋಡಿಯೇ ಮಾತಾಡುತ್ತಿದ್ದರು. ನಾನೂ ಅಷ್ಟೇ. ಹೆರಿಗೆಯಾದ ಎರಡು ತಿಂಗಳಿಗೆ ಮಗಳ ಮೊದಲ ಎಚ್‌ಐವಿ ರಿಪೋರ್ಟ್ ನೆಗೆಟಿವ್ ಬಂತು. ಔರಾದಿನಿಂದ ಭಾಲ್ಕಿಯವರೆಗೆ ಒಂದು ಕ್ವಿಂಟಲ್ ಪೇಢಾ ಹಂಚಿದೆ. ಅವಳ ಬಾಯಿಗೊಂದು ಇಡುವುದನ್ನು ಮರೆತೆ.

ವಿಶಾಖಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗು ಅತ್ತರೂ ಏಳಲಿಲ್ಲ.

“ಕೂಸು ಬಂಗಾರದಂಗ ಅದ. ಇಕಿಗಿ ಇನ್ನೆಂಥಾ ದುಃಖ?” ಎಂದಳು ನನ್ನವ್ವ ಕೌಸಲ್ಯಾಬಾಯಿ, ಮಗುವಿಗೆ ಬಾಟಲಿ ಹಾಲು ಕುಡಿಸುತ್ತ.

ಹೆಂಡತಿಯ ಡಬ್ಬಿಯಿಂದ ಹತ್ತಿ ತೆಗೆದು ನೋಡಿದೆ. ತಿಂಗಳು ಮುಗಿಯಬಂದಿದ್ದರೂ ಒಂದು ಗುಳಿಗೆಯೂ ಕಡಿಮೆಯಾಗಿರಲಿಲ್ಲ.

“ಸಾಯ್ಬೇಕಂತ ಮಾಡೀಯೇನು?” ಎಂದು ಔರಾದಿಗೆ ಔರಾದೇ ನಡುಗುವಂತೆ ಗುಡುಗಿದೆ.

ಅವಳು ಎದ್ದು ಕುಳಿತಳು. “ಹೌದ್ರಿ. ಕೂಸು ಉಳೀಲಿ ಅಂತ ಗುಳಿಗಿ ನುಂಗ್ದೆ. ಉಳೀತಲ್ಲ. ಇನ್ನ ನಾ ಯಾರಿಗಿ ಬೇಕಾಗೇನಿ? ವಿಶಾಖಾ, ನೀ ಹ್ಯಾಂಗ ಇದ್ದಿ ಅಂತ ಒಬ್ಬರರೆ ಕೇಳಿದ್ರೇನು? ನೆಗೆಟಿವ್ ಬಂದಕಿಗಿ ಪೇಢಾ. ಪಾಸಿಟಿವ್ ಇದ್ದಕಿಗಿ ಗ್ವಾಡಿ.”

ಅವ್ವ ಬಾಯಿ ತೆರೆದಳು. “ನೀ ಸುಮ್ಕಿರವ್ವ,” ಎಂದೆ. ಜಿಲ್ಲೆಗೇ ದೊಡ್ಡ ಮಾತುಗಾರನಾದ ನಾನು ಅವಳ ಹತ್ತಿರ ಕುಳಿತೆ.

“ನನಗ ಹೆದರಿಕಿ ಆಗ್ಲತ್ತದ, ವಿಶಾಖಾ.”

“ಎಷ್ಟು?”

ಬೆಟ್ಟದಷ್ಟು, ಬೀದರ ಕೋಟೆಯಷ್ಟು, ಯಾವುದೂ ಸಾಲಲಿಲ್ಲ.

“ನೀ ಬೇಕು. ಕೂಸಿಗಂತಲ್ಲ, ನನಗ. ನಾಳಿ ಬೀದರಿಗಿ ಹೋಗಮು. ಮನಸಿನ ಡಾಕ್ಟರ್ ಅದಾರಂತ. ನಾ ಕೇಳಬೇಕಿತ್ತು, ಕೇಳಲಿಲ್ಲ. ಹ್ಯಾಂಗ ಇದ್ದಿ?”

“ಛಲೋ ಇಲ್ರಿ,” ಎಂದಳು. ಸಿಟ್ಟು ಇಳಿದಿರಲಿಲ್ಲ. ಆದರೂ ನೀರಿಗೆ ಕೈ ಚಾಚಿ ಒಂದು ಗುಳಿಗೆ ನುಂಗಿದಳು.

ಮರುದಿನ ತುಂಬಿದ ಬಸ್ಸಿನಲ್ಲಿ ಅವಳು ನಮ್ಮಿಬ್ಬರ ಡಬ್ಬಿಗಳ ಹತ್ತಿಯನ್ನೂ ಕಿತ್ತು ಕಿಟಕಿಯಾಚೆ ಎಸೆದಳು. ರಸ್ತೆಯ ಮೊದಲ ಗುಂಡಿಗೇ ಚೀಲ ಗಲಗಲ ಎಂದಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಊರಿಗೆಲ್ಲ ಕೇಳಸ್ತದ,” ಎಂದೆ.

“ಕೇಳಸ್ಲಿ.”

ನಕ್ಕಳು ಎಂದರೆ ಸುಳ್ಳಾದೀತು. ಹಿಡಿದ ನನ್ನ ತೋಳನ್ನು ಮಾತ್ರ ಬೀದರದವರೆಗೆ ಬಿಡಲಿಲ್ಲ.