ಕಾದು ಅಂದ ಮೇಲೆ

ಸೇಡು ತೀರಿಸಿಕೊಳ್ಳಲು ಬೇಕಾದದ್ದೆಲ್ಲ ಆ ಗುರುವಾರ ನನ್ನ ಕೈಯಳತೆಯಲ್ಲೇ ಇತ್ತು. ಎದುರಿಗೆ ಮೈಕು, ಪಕ್ಕದಲ್ಲಿ ಎರಡು ಫೋನ್ ಲೈನು, ಕಂಪ್ಯೂಟರಿನಲ್ಲಿ ಅವನ ಹಾಡು. ಗಂಟೆ ಹನ್ನೊಂದು ಆಗುವುದೊಂದೇ ಬಾಕಿ.

ನಾನು ಲಾವಣ್ಯ. ಊರು ಪಾವಗಡ ತಾಲೂಕಿನ ಬಲಸಮುದ್ರ, ಕೆಲಸ ಮಧುಗಿರಿಯ ‘ದಾಳಿಂಬೆ ರೇಡಿಯೊ’ದಲ್ಲಿ. ಸಣ್ಣ ರೇಡಿಯೊ ನಮ್ಮದು. ಟವರಿನ ದನಿ ಊರಾಚೆ ಹತ್ತು ಮೈಲಿ ಹೋದರೆ ಹೆಚ್ಚು. ಸಿರಾ, ಪಾವಗಡ, ಕೊರಟಗೆರೆಯವರು ಮೊಬೈಲಿನಲ್ಲಿ ಕೇಳುತ್ತಾರೆ.

ಗುರುವಾರದ ‘ಇರಲಿ-ಬೇಡ’ ಕಾರ್ಯಕ್ರಮ ನನ್ನದು. ಹೊಸ ಹಾಡೊಂದನ್ನು ಹಾಕುತ್ತೇನೆ, ಎಂಟು ಜನ ಫೋನ್ ಮಾಡಿ ‘ಇರಲಿ’ ಅಥವಾ ‘ಬೇಡ’ ಅನ್ನುತ್ತಾರೆ. ಇರಲಿ ಹೆಚ್ಚಾದರೆ ಹಾಡು ಒಂದು ತಿಂಗಳು ದಿನಾ ಬರುತ್ತದೆ. ಬೇಡ ಹೆಚ್ಚಾದರೆ ಮತ್ತೆಂದೂ ಬರುವುದಿಲ್ಲ. ಸಮಸಮ ಆದರೆ ತೀರ್ಪು ನನ್ನದು. ಹಾಡಿದವರು ಅಷ್ಟು ಹೊತ್ತೂ ಎರಡನೇ ಲೈನಿನಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲರ ಮಾತು ಕೇಳಬೇಕು. ಕೊನೆಗಷ್ಟೇ ಅವರಿಗೆ ಮಾತು.

ಆ ವಾರ ಎರಡನೇ ಲೈನಿನಲ್ಲಿ ಕೂತಿದ್ದವನು ತಿಪ್ಪೇರುದ್ರ. ಸಿರಾ ತಾಲೂಕಿನ ಬರಗೂರಿನವನು. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿ, ಮಾರನೆಯ ದಿನವೇ ನಾಪತ್ತೆಯಾದ ಪುಣ್ಯಾತ್ಮ.

“ಬ್ಯಾಡ ಕಣಮ್ಮ, ಬೇರೆ ಹಾಡು ಹಾಕು,” ಎಂದರು ನಮ್ಮ ಸ್ಟೇಷನ್ ನೋಡಿಕೊಳ್ಳುವ ಶಿವರುದ್ರಮ್ಮ. ಅವರಿಗೆ ಎಲ್ಲ ಗೊತ್ತು. “ನಿನ್ ಮುಖ ನೋಡಿದ್ರೆ ನಂಗೇ ಭಯ ಆಯ್ತದೆ.”

“ಹಾಡು ಕಳ್ಸಿದೋನು ಅವ್ನು ಅಕ್ಕ. ನಾನೇನು ಕರೆದ್ನಾ?”

ಎರಡು ವರ್ಷದ ಹಿಂದೆ ತಿಪ್ಪೇರುದ್ರ ಇದೇ ಸ್ಟುಡಿಯೊದ ಗಾಜಿನಾಚೆ ಕೂತು ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ. ಮೂರು, ಎರಡು, ಒಂದು ಎಂದು ಬೆರಳು ಮಡಚಿ ನನಗೆ ಮಾತು ಶುರು ಮಾಡಲು ಸನ್ನೆ ಕೊಡುವುದು ಅವನ ಕೆಲಸ. ಕಳ್ಳ, ಕೊನೆಯ ಬೆರಳನ್ನು ಮಡಚುತ್ತಲೇ ಇರಲಿಲ್ಲ. ಅದನ್ನು ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ಹುಬ್ಬು ಗಂಟಿಕ್ಕಿದರೆ ಅವನ ಮೀಸೆಯ ಒಂದು ತುದಿ ಮಾತ್ರ ನಗುತ್ತಿತ್ತು. ಲಾವಣ್ಯ ಮೇಡಂ ಮಾತಿಗೆ ಮುಂಚೆ ಯಾಕೆ ಅಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ಕೇಳುಗರು ಕಾಗದ ಬರೆದು ಕೇಳಿದ್ದರು.

ನಮ್ಮ ಮನೆಯ ಮಾತು ಅರ್ಧಕ್ಕರ್ಧ ತೆಲುಗು. ಅದನ್ನು ಕಲಿಸೆಂದು ದಿನಕ್ಕೊಂದು ಪದ ಕೇಳುತ್ತಿದ್ದ. “ನಿಮ್ಮಪ್ಪನ ಮುಂದೆ ನಿಂತಾಗ ಬಾಯಿ ಕಟ್ಟೋಗ್ಬಾರ್ದಲ್ಲ,” ಅನ್ನುತ್ತಿದ್ದ. ನಾನೋ ಅವನ ಜೊತೆ ಒಂದೇ ಒಂದು ತೆಲುಗು ಪದ ಬಾರದ ಹಾಗೆ ಅಚ್ಚ ಕನ್ನಡ ಮಾತಾಡಲು ಹೆಣಗುತ್ತಿದ್ದೆ. ಪ್ರೀತಿ ಬಂದರೆ ನಾಲಗೆಯೂ ತವರು ಬಿಡುತ್ತದೆ.

ಯುಗಾದಿಗೆ ಊರಿಗೆ ಹೊರಟಿದ್ದೆ. ಬಸ್ಸಿನ ಕಿಟಕಿಯ ಕೆಳಗೆ ಬಂದು ನಿಂತು, ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಕೇಳಿದ. ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲವಂತೆ.

“ಲಾವಣ್ಯ, ನನ್ನ ಮದ್ವೆ ಆಗ್ತೀಯಾ?”

ಅಕ್ಕನಿಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ. ಅಕ್ಕ ಇರುವಾಗ ತಂಗಿಯ ಮಾತು ಎತ್ತಿದರೆ ನಮ್ಮಪ್ಪ ಯತ್ತಪ್ಪ ಕುರಿಗಳ ಜೊತೆ ನನ್ನನ್ನೂ ಗುಡ್ಡಕ್ಕೆ ಅಟ್ಟುತ್ತಿದ್ದ. “ಕಾದಿರು!” ಎಂದು ಕೂಗಿದೆ. ಡ್ರೈವರ್ ಹಾರನ್ ಒತ್ತಿದ. ತಿಪ್ಪೇರುದ್ರ ತಲೆಯಾಡಿಸಿ ನಕ್ಕ. ಬಸ್ಸು ಹೊರಟಿತು.

ಹಬ್ಬ ಮುಗಿಸಿ ಬಂದರೆ ಗಾಜಿನಾಚೆ ಇನ್ಯಾರೋ ಕೂತಿದ್ದರು. ಅವನ ಫೋನು ಸ್ವಿಚ್ ಆಫ್. ನಾಲ್ಕು ದಿನ ಕೂಡ ಕಾಯಲಾಗದ ಗಂಡಸು! ಆಮೇಲೆ ಅಕ್ಕನ ಮದುವೆಯಾಯಿತು, ಮಗುವೂ ಆಯಿತು. ನನ್ನನ್ನು ನೋಡಲು ಬಂದ ಮೂವರು ಗಂಡುಗಳಿಗೆ ನಾನು ಒಲ್ಲೆ ಎಂದೆ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಒಳಗೆ ಮಾತ್ರ ಒಲೆ ಆರಿರಲಿಲ್ಲ.

ಈಗ ಕಳಿಸಿದ್ದ ಹಾಡು ಇದು. ಗಿಟಾರ್, ಒಂದು ಏಕತಾರಿ, ಮೆತ್ತಗಿನ ಅವನ ದನಿ.

‘ಕಿಟಕಿಯಿಂದ ಅಂದಳು, ಕಾದು,
ಕೇಳಿ ನಾನು ನಕ್ಕೆ, ಕಾದು.
ಬಂದ ಬಸ್ಸು ಹತ್ತಿ ಹೋದೆ,
ಕಾದು ಅಂದ ಮೇಲೆ.’

ನಾನು ಕಾಯಿ ಎಂದೆನಂತೆ, ಅವನು ನಕ್ಕನಂತೆ, ಬಸ್ಸು ಹತ್ತಿ ಹೋದನಂತೆ. ಬಿಟ್ಟು ಹೋದದ್ದಲ್ಲದೆ ಅದಕ್ಕೆ ರಾಗ ಹಾಕಿ ನನ್ನ ರೇಡಿಯೊಗೇ ಕಳಿಸಿದ್ದಾನೆ! ಇರಲಿ ಮಗನೇ, ನಾಲ್ಕು ತಾಲೂಕಿನ ಬಾಯಲ್ಲಿ ಉಗಿಸುತ್ತೇನೆ ಅಂದುಕೊಂಡೆ.

ಹನ್ನೊಂದಾಯಿತು. ಹಾಡು ಹಾಕಿದೆ. ಮುಗಿಯುವ ಮೊದಲೇ ಫೋನ್ ಬಂತು.

“ನಾನು ಕೊರಟಗೆರೆ ಚನ್ನಮಲ್ಲಯ್ಯ, ಟೈಲರ್ರು. ನಿದ್ದೆ ಬಂದ್ಬುಡ್ತು ಕಣಮ್ಮ. ಹೊಲಿಗೆ ಮಿಷನ್ ಮ್ಯಾಲೇ ತಲೆ ಇಟ್ಬುಟ್ಟಿದ್ದೆ. ಜಾಕೀಟು ಹೋಗಿ ಜುಬ್ಬ ಆಗೋದು. ಬ್ಯಾಡ.”

“ಧನ್ಯವಾದ ಚನ್ನಮಲ್ಲಯ್ಯನವರೇ,” ಎಂದೆ. ಇಷ್ಟು ಮನಸ್ಸಿಟ್ಟು ಯಾರಿಗೂ ಧನ್ಯವಾದ ಹೇಳಿದ್ದಿಲ್ಲ.

ಮಧುಗಿರಿಯ ಕಾಲೇಜು ಹುಡುಗಿ ರಮ್ಯಶ್ರೀಗೆ ಗಿಟಾರ್ ಇಷ್ಟವಾಗಿತ್ತು, ಹಾಡಿದವನು ಆಗಿರಲಿಲ್ಲ. “ಅಕ್ಕಾ, ವೇಟ್ ಮಾಡು ಅಂದ್ರೆ ನಗ್ತಾ ಬಸ್ ಹತ್ತಿ ಹೋದ್ನಲ್ಲ, ಎಷ್ಟು ಕೊಬ್ಬಿರ್ಬೇಕು! ನನ್ ಎಕ್ಸೂ ಇಂಗೇ. ಬೇಡವೇ ಬೇಡ.”

“ಕೇಳಿಸಿಕೊಂಡಿರಾ ತಿಪ್ಪೇರುದ್ರ ಅವರೇ?” ಎಂದೆ ಜೇನು ಸುರಿಸುತ್ತ. ಎರಡನೇ ಲೈನಿನಲ್ಲಿ ಉಸಿರು ಮಾತ್ರ ಕೇಳಿಸಿತು.

ಸಿರಾದ ಗ್ಯಾರೇಜಿನಿಂದ ಒಬ್ಬ ಭಾಯಿ ಮಾತಾಡಿದರು. “ಮಸ್ತ್ ಐತೆ ಮೇಡಂ. ಸ್ಪ್ಯಾನರ್ ಹಿಡ್ದಿದ್ ಕೈ ಅಂಗೇ ನಿಂತೋಯ್ತು. ಯಾಕೆ ಅಂತ ಕೇಳ್ಬ್ಯಾಡಿ. ಇರ್ಲಿ.” ಕೊರಟಗೆರೆಯ ಮಂಗಳಾ ಅವರ ಕೂಸು ಮೂರು ದಿನದ ಮೇಲೆ ಅಳದೆ ಮಲಗಿತ್ತಂತೆ. ಅವರದೂ ಇರಲಿ. ಮದುವೆಗಳಿಗೆ ಡಿಜೆ ಹಾಕುವ ಗೌರೀಶ್ ಮಾತ್ರ ನನ್ನ ಹೊಟ್ಟೆ ತಣ್ಣಗೆ ಮಾಡಿದ. “ಬೀಟೇ ಇಲ್ವಲ್ಲ ಮೇಡಂ! ಇದ್ನ ಹಾಕಿದ್ರೆ ಗಂಡು ಕುದ್ರೆಯಿಂದ ಇಳ್ದು ಮನೆಗೋಗ್ತಾನೆ. ಬೇಡ.”

ಆರನೆಯದು ಮೇಷ್ಟ್ರು ಸಂಜೀವಯ್ಯನವರದು. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು.

“ಏನಮ್ಮಾ ಇದು, ‘ಕಾದು ಅಂದಳು’? ಕಾದು ಅನ್ನೋದು ಕೃದಂತಾವ್ಯಯ. ಅದರ ಬೆನ್ನಿಗೆ ಇನ್ನೊಂದು ಕ್ರಿಯಾಪದ ಬರಲೇಬೇಕು. ಕಾದು ನೋಡು, ಕಾದು ಕೂರು. ಬರೀ ಕಾದು ಅಂತ ಕನ್ನಡದಲ್ಲಿ ಯಾವ ಹುಡುಗಿಯೂ ಹೇಳೋದಿಲ್ಲ. ವಾಕ್ಯವೇ ಮುಗಿದಿಲ್ಲ. ಬೇಡ.”

ಬೇಡ ನಾಲ್ಕಾಯಿತು. ಇನ್ನೊಂದು ಬಂದರೆ ಅವನ ಕತೆ ಮುಗಿದಂತೆ. ಆದರೆ ಮೇಷ್ಟ್ರ ಮಾತು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಒತ್ತತೊಡಗಿತು. ಹೌದಲ್ಲ, ಬರೀ ಕಾದು ಎಂದು ನಾನು ಹೇಳಿರಲಿಲ್ಲ.

ಏಳನೇ ಫೋನು ಪಾವಗಡದ ಕಡೆಯದು.

“ಅಮ್ಮಾ ಲಾವಣ್ಯಾ, ನಾಗಲಮಡಿಕೆ ಹೊನ್ನಕ್ಕ. ಯಾರಮ್ಮಾ ಆ ಹಾಡಿದ ಪಿಲ್ಲೋಡು? ಪಾಪಂ, ಕಣ್ಣಾಗೆ ನೀರು ಬಂದ್ಬುಟ್ಟವು.”

“ಯಾಕಮ್ಮಾ ಪಾಪ? ಹುಡುಗಿ ಕಾಯಿ ಅಂದರೆ ನಗುತ್ತ ಬಿಟ್ಟು ಹೋದವನು ಪಾಪವೇ?”

“ಅಯ್ಯೋ, ಅದು ಕಾಯೋ ಹಾಡಲ್ಲ ಕಣಮ್ಮಾ! ಬಲಸಮುದ್ರದೋಳಾಗಿ ನಿಂಗೆ ತಿಳೀಲಿಲ್ವಾ? ಅವ್ಳು ‘ಕಾದು’ ಅಂದ್ಬುಟ್ಳು. ನಮ್ ತೆಲುಗ್ನಾಗೆ ಕಾದು ಅಂದ್ರೇನು? ಅಲ್ಲ ಅಂತ. ಆಗಲ್ಲ ಅಂತ. ಹುಡ್ಗಿ ಆಗಲ್ಲ ಅಂದ್ಮ್ಯಾಲೆ ಇನ್ನೇನ್ ಮಾಡ್ತಾನೆ? ಅವ್ಳ ಮುಂದೆ ಅಳ್ಬಾರ್ದು ಅಂತ ನಕ್ಕವ್ನೆ, ಬಸ್ ಹತ್ತವ್ನೆ. ಇರ್ಲಿ ತಾಯಿ, ನೂರು ಸಲ ಇರ್ಲಿ.”

ಆ ಪದವನ್ನು ಅವನಿಗೆ ಕಲಿಸಿದ್ದೇ ನಾನು. ‘ಮದುವೆ ಆಗ್ತೀಯಾ’ ಎಂದು ಕೇಳಿದವನಿಗೆ ‘ಕಾದಿರು’ ಎಂದು ಅವನ ಭಾಷೆಯಲ್ಲಿ ಹೇಳಿದ್ದೆ. ಹಾರನ್ ಆ ಮಾತಿನ ಬಾಲವನ್ನು ನುಂಗಿತ್ತು. ಉಳಿದ ‘ಕಾದು’ ಅವನ ಕಿವಿಗೆ ನನ್ನ ಭಾಷೆಯಲ್ಲಿ ಬಿದ್ದಿತ್ತು. ನನಗೆ ನಾನು ಹೇಳಿದ್ದು ಗೊತ್ತಿದ್ದುದರಿಂದ ಹಾಡಿನಲ್ಲೂ ಅದೇ ಕೇಳಿಸಿತ್ತು.

ಎಂಟನೆಯವನು ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮೂರಿನ ಅಂಜಿನಮೂರ್ತಿ. “ಕಾದು ಅನ್ನಿಸ್ಕೊಂಡೋರಿಗೇ ಗೊತ್ತು ಮೇಡಂ ಅದರ ಉರಿ. ಇರ್ಲಿ,” ಎಂದಷ್ಟೇ ಹೇಳಿ ಫೋನ್ ಇಟ್ಟ.

ನಾಲ್ಕಕ್ಕೆ ನಾಲ್ಕು. ಗಾಜಿನಾಚೆ ಶಿವರುದ್ರಮ್ಮ ಎದ್ದು ನಿಂತಿದ್ದರು. ತೀರ್ಪು ನನ್ನದು. ಎರಡನೇ ಲೈನ್ ತೆರೆದೆ.

“ತಿಪ್ಪೇರುದ್ರ ಅವರೇ, ಹೊನ್ನಕ್ಕ ಹೇಳಿದ್ದು ನಿಜವೇ?”

“ನಿಜ ಮೇಡಂ.” ಎರಡು ವರ್ಷದ ಮೇಲೆ ಆ ದನಿ ನೇರವಾಗಿ ನನ್ನ ಕಿವಿಗೆ ಬಿತ್ತು. ಕೋಪ ಎಲ್ಲಿ ಹೋಯಿತೋ ಎಂದು ಹುಡುಕಿದೆ. ಇತ್ತು, ಆದರೆ ಅದಕ್ಕೆ ಕಣ್ಣೀರು ಬಂದಿತ್ತು.

“ಇನ್ನೊಂದು ಸಲ ಕೇಳಬಹುದಿತ್ತಲ್ಲ ಆ ಹುಡುಗಿಯನ್ನ? ಬಾಯಿ ಬಿದ್ದು ಹೋಗಿತ್ತಾ?”

“ಪದ ಕಲ್ಸಿದ ದಿನ ಅವ್ಳೇ ಹೇಳಿದ್ಲು ಮೇಡಂ, ಹೆಣ್ಣು ಕಾದು ಅಂದ್ಮ್ಯಾಲೆ ಎರಡ್ನೇ ಸಲ ಕೇಳೋನು ಗಂಡಸೇ ಅಲ್ಲ ಅಂತ. ಎದುರಿಗಿದ್ರೆ ಕೇಳ್ಬುಡ್ತೀನಿ ಅಂತ ಭಯ ಆಯ್ತು. ಅದ್ಕೇ ಕೆಲ್ಸ ಬುಟ್ಟೆ, ಸಿಮ್ಮೂ ಬಿಸಾಕ್ದೆ. ಕೇಳೋ ಹಂಗಿಲ್ಲ. ಹಾಡ್ಬೋದು ಅಲ್ವಾ?”

ಹಾಗೆ ಹೇಳಿದ್ದು ನಾನೇ. ಜಂಬದಿಂದ ಹೇಳಿದ್ದೆ. ಎರಡು ವರ್ಷ ನಾನು ಶಪಿಸಿದ್ದು ನನ್ನ ಮಾತನ್ನು ಅಕ್ಷರಶಃ ಪಾಲಿಸಿದವನನ್ನು. ಆದರೂ ಅಷ್ಟು ಸುಲಭಕ್ಕೆ ಬಿಡುವುದಕ್ಕೆ ನನ್ನ ಕೈಲಾಗಲಿಲ್ಲ. ನಾನೂ ಉರಿದಿದ್ದೆ.

“ಕೇಳುಗರೇ, ನನ್ನ ತೀರ್ಪು ಬೇಡ. ಈ ಹಾಡು ಇನ್ನು ಬರುವುದಿಲ್ಲ.”

ಶಿವರುದ್ರಮ್ಮ ಹಣೆ ಚಚ್ಚಿಕೊಂಡರು. ಮೊದಲ ಲೈನಿನ ದೀಪ ಒಂದೇ ಸಮನೆ ಮಿನುಗತೊಡಗಿತು, ಹೊನ್ನಕ್ಕನೇ ಇರಬೇಕು.

“ಸರಿ ಮೇಡಂ,” ಎಂದ ತಿಪ್ಪೇರುದ್ರ. ದನಿ ನೆಲ ಕಚ್ಚಿತ್ತು.

“ಕಾರಣ ಕೇಳೋದಿಲ್ವಾ? ಕೇಳೋ ಅಭ್ಯಾಸವೇ ಇಲ್ಲ ನಿಂಗೆ!” ನಾಲ್ಕು ತಾಲೂಕು ಕೇಳುತ್ತಿದೆ ಎಂಬುದು ಆ ಕ್ಷಣಕ್ಕೆ ಮರೆತಿತ್ತು. “ಮೇಷ್ಟ್ರು ಹೇಳಿದ್ದು ಸರಿ ಕಣೋ. ವಾಕ್ಯ ಮುಗಿದಿಲ್ಲ. ಆ ಹುಡುಗಿ ಹೇಳಿದ್ದು ಕನ್ನಡದಲ್ಲಿ. ‘ಕಾದಿರು’ ಅಂದ್ಲು. ‘ಇರು’ ಅನ್ನೋದನ್ನ ಹಾರನ್ ನುಂಗ್ತು. ತಪ್ಪು ಹಾಡನ್ನ ನನ್ನ ರೇಡಿಯೊದಲ್ಲಿ ಹಾಕಲ್ಲ. ಸರಿ ಮಾಡ್ಕೊಂಡು ಬಾ.”

ಲೈನಿನಲ್ಲಿ ಮೂಗೆಳೆದ ಸದ್ದು.

“ಅವ್ಳಿಗೆ ಮದ್ವೆ...” ಎಂದ.

“ಅಕ್ಕನಿಗೆ ಆಯ್ತು. ಆ ಹುಡುಗಿ ಎರಡು ವರ್ಷದಿಂದ ಹಲ್ಲು ಕಡ್ಕೊಂಡು ಕೂತಿದಾಳೆ. ಬಂದ ಮೂವರು ಗಂಡುಗಳನ್ನ ವಾಪಸ್ ಕಳಿಸಿದಾಳೆ. ಎರಡ್ನೇ ಸಲ ಕೇಳ್ಬಾರ್ದು ಅನ್ನೋ ಕಾನೂನು ಇವತ್ತಿಂದ ರದ್ದು.”

“ಲಾವಣ್ಯ...”

“ಏನು?”

“ಮಧುಗಿರೀಲೇ ಇವ್ನಿ, ಬಸ್‌ಸ್ಟ್ಯಾಂಡ್ನಾಗೆ. ತೀರ್ಪು ಏನೇ ಆದ್ರೂ ಒಂದ್ಸಲ ದೂರದಿಂದ ನಿನ್ನ ನೋಡ್ಕೊಂಡು ಹೋಗಾನ ಅಂತ ಬಂದಿದ್ದೆ. ಇರು. ಬಂದ್ಬುಟ್ಟೆ.”

ಫೋನ್ ಕಟ್ಟಾಯಿತು. ನಾನು ಕಡಲೆಕಾಯಿಗೆ ಬರುವ ತಿಕ್ಕರೋಗದ ಕುರಿತ ರೆಕಾರ್ಡಿಂಗ್ ಹಾಕಿದೆ. ಅದು ಬರೋಬ್ಬರಿ ಒಂದು ಗಂಟೆಯ ಕಾರ್ಯಕ್ರಮ.

ಹತ್ತೇ ನಿಮಿಷಕ್ಕೆ ಓಡಿ ಬಂದವನು ಹೊರಗಿನ ಬೆಂಚಿನ ಮೇಲೆ ಕೂತ. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಮೊದಲಿಗಿಂತ ಬಡವಾಗಿದ್ದ. ಬಾಗಿಲಿನ ಸಂದಿಯಿಂದ ಒಳಗೆ ನೋಡಿದ, ಕಣ್ಣು ಸಿಕ್ಕಿತು, ಥಟ್ಟನೆ ತಲೆ ತಗ್ಗಿಸಿದ. ನಾನು ಮುಖ ಆಚೆ ತಿರುಗಿಸಿ ಇಲ್ಲದ ಕಾಗದಗಳನ್ನು ಜೋಡಿಸತೊಡಗಿದೆ.

“ಹೋಗಮ್ಮಾ, ಪಾಪ ಕಾಯ್ತಾ ಅವ್ನೆ,” ಎಂದರು ಶಿವರುದ್ರಮ್ಮ.

“ಕಾಯ್ಲಿ. ತಿಕ್ಕರೋಗ ಮುಗಿಯೋವರ್ಗೂ ಕಾಯ್ಲಿ. ನಾನು ಎರಡು ವರ್ಷ ಕಾದಿಲ್ವಾ?”

ಪೂರ್ತಿ ಒಂದು ಗಂಟೆ ಕೂರಿಸಬೇಕೆಂದು ಹಟ ಮಾಡಿದ್ದೆ. ಗಡಿಯಾರ ನೋಡುತ್ತ ಕೂತೆ. ಏಳನೇ ನಿಮಿಷಕ್ಕೆ ಎದ್ದು ಹೊರಗೆ ಓಡಿದೆ.