ನಡುಗುವ ಕೈಯ ಆಯ್ಕೆ

"ಅಯ್ಯೋ! ಚುಚ್ಚಿತಾ?"

ಅವಳ ಬೆರಳು ಅದುರಿ ಗುಂಡುಪಿನ್ನು ನೇರ ಗಿರಾಕಿಯ ಮಣಿಕಟ್ಟಿಗೇ ನಾಟಿತ್ತು. ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದಿದ್ದ ತತ್ತ್ವಶಾಸ್ತ್ರದ ಮೇಷ್ಟ್ರು ನಕ್ಕುಬಿಟ್ಟರು.

"ಪರವಾಗಿಲ್ಲ, ಮೇಷ್ಟ್ರುಗಳೂ ಒಮ್ಮೊಮ್ಮೆ ಪೆಟ್ಟು ತಿನ್ಬೇಕು!"

ಅವಳಿಗೆ ನಗು ಬರಲಿಲ್ಲ. "ನನ್ನ ಕೈಗೆ ನಡುಕದ ಕಾಯಿಲೆ. ವಾಸಿಯಾಗಲ್ಲ. ಬೇರೆ ಟೈಲರ್‌ ಹತ್ರ ಹೋಗೋದಿದ್ರೆ ಹೋಗಿ."

"ಕೈ ಈಗ ಯಾರದೋ ಅನ್ಸುತ್ತಾ?"

ಯಾವ ಡಾಕ್ಟರೂ ಹೀಗೆ ಕೇಳಿರಲಿಲ್ಲ...

"ಹೌದು. ಮೊದಲು ಬಟ್ಟೆ ಮಾತ್ರ ಕಾಣ್ತಿತ್ತು. ಈಗ ಕೈಯೇ ಕಾಣುತ್ತೆ. ಕರೆಯದೆ ಬಂದ ನೆಂಟನ ಥರ ಎದುರಿಗೇ ಕೂತಿರುತ್ತೆ."

"ಹುಷಾರಾಗಿದ್ದಾಗ ಮೈ ಅಂದ್ರೆ ನಾವೇ. ಕಾಯಿಲೆ ಬಂದಾಗ ಅದು ಎದುರು ನಿಲ್ಲುತ್ತೆ. ಕಾಯಿಲೇನ ನೀವು ಆರಿಸ್ಕೊಳ್ಳಲಿಲ್ಲ. ಅದರ ಜೊತೆ ಹೇಗೆ ಬದುಕ್ತೀರಿ ಅನ್ನೋ ಆಯ್ಕೆ ಮಾತ್ರ ನಿಮ್ಮದೇ."

ಅಂದು ಮೊದಲ ಬಾರಿಗೆ ಅವಳು ತನ್ನ ಕೈಯನ್ನು ಶಪಿಸದೆ ಹೊಲಿದಳು.

ಆಮೇಲೆ ಮೇಷ್ಟ್ರು ವಾರವಾರವೂ ಬಂದರು. ಅಂಗಡಿಗೆ ಬಂದಿದ್ದ ಅವಳ ಅಕ್ಕ ಕಣ್ಣು ಮಿಟುಕಿಸಿದಳು: "ಅದೇನೇ, ಅವರ ಗುಂಡಿಗಳು ಎಲೆ ಉದುರಿದ ಹಾಗೆ ಉದುರ್ತಾವೆ! ತಾವೇ ಕಿತ್ಕೊಂಡು ಬರ್ತಾರೆ ಕಣೇ!"

ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲಾಗದೆ ಅವಳು ಅತ್ತುಬಿಟ್ಟಳು. ಬಾಗಿಲಲ್ಲಿ ನಿಂತು ಮೇಷ್ಟ್ರು ನೋಡಿದರು. ಮತ್ತೆ ಬರಲೇ ಇಲ್ಲ.

'ಪಾಠ ಹೇಳೋದು ಸುಲಭ. ರೋಗಿಯ ಜೊತೆ ಇರೋದು...' ಅವಳು ಅಂದುಕೊಂಡಳು.

ಕೊನೆಗೆ ಬಸ್‌ಸ್ಟಾಪಿನಲ್ಲಿ ಸಿಕ್ಕರು. ಹೊಸ ಪ್ಯಾಂಟು. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ! ಬೇರೆಯವರ ಹೊಲಿಗೆ! ಅವಳಿಗೆ ಮೈಯೆಲ್ಲ ಉರಿಯಿತು.

"ಯಾರು ಮಾಡಿದ್ರು ಈ ಘನಕಾರ್ಯಾನ?"

ಮೇಷ್ಟ್ರು ತಲೆ ತಗ್ಗಿಸಿದರು. "ನಿಮಗೆ ಕಷ್ಟ ಕೊಡಬಾರ್ದು ಅಂತ..."

"ಆಯ್ಕೆ ನಿಮ್ಮದು ಅಂದ್ರಿ. ಆಮೇಲೆ ನನ್ನ ಪರವಾಗಿ ನೀವೇ ಆರಿಸಿಬಿಟ್ರಿ! ಕಾಯಿಲೆ ಬಂದಿದ್ದು ಕೈಗೆ. ನೀವು ನನ್ನನ್ನ ಪೂರ್ತಿ ರೋಗಿ ಮಾಡಿಬಿಟ್ರಲ್ಲ ಮೇಷ್ಟ್ರೇ..."

ಬಸ್ಸು ಬಂದು ನಿಂತಿತು. ಹೋಯಿತು. ಇಬ್ಬರೂ ಹತ್ತಲಿಲ್ಲ.

"ತಪ್ಪಾಯ್ತು," ಅಂದರು ಮೇಷ್ಟ್ರು. "ಪ್ರೀತಿಸ್ತೀನಿ ಅಂದ್ರೆ ಕನಿಕರ ಅಂದ್ಕೋತೀರೇನೋ ಅಂತ ಭಯ. ದೂರ ಇದ್ದದ್ದೇ ಕನಿಕರ ಆಗೋಯ್ತು."

ಅವಳ ಕೈ ಜೋರಾಗಿ ನಡುಗತೊಡಗಿತು. ಅವಳು ಅದನ್ನು ಸೆರಗಿನೊಳಗೆ ಅಡಗಿಸಲಿಲ್ಲ.

"ಹಿಡ್ಕೊಳ್ಳಲಾ?"

"ಹಿಡಿದ್ರೂ ನಿಲ್ಲಲ್ಲ ಇದು."

"ನಿಲ್ಲದಿದ್ರೆ ಬೇಡ ಬಿಡಿ. ನಾನೂ ಜೊತೇಲಿ ನಡುಗ್ತೀನಿ."

ತುಂಬಿದ ಕಣ್ಣಲ್ಲೇ ಅವಳು ನಕ್ಕಳು. "ಹಾಗಾದ್ರೆ... ಗಟ್ಟಿಯಾಗಿ ಹಿಡ್ಕೊಳ್ಳಿ."