ಹಾಲಮ್ಮ ಟೀಚರ್ ಮನೆಯ ಕಟ್ಟೆ

ಮಕ್ಕಳ ಕಥೆ ಬರೆದ ಹಾಲಮ್ಮ ಟೀಚರ್ ಬಾಳಿದ ಜಾಗಗಳನ್ನು ಹೂವಿನಹಡಗಲಿಯಲ್ಲಿ ಭಾನುವಾರ ಭಾನುವಾರ ನೋಡಲು ಬಂದವರನ್ನು ನಡೆಸಿಕೊಂಡು ಹೋಗಿ ತೋರಿಸುವವಳು ನಾನೇ. ಒಂದು ಭಾನುವಾರ ಮಧ್ಯಾಹ್ನ ನನಗೆ ಜ್ವರ ಬಿಟ್ಟಿದ್ದರೂ ಸುಸ್ತು ಬಿಟ್ಟಿರಲಿಲ್ಲ. ಹರಪನಹಳ್ಳಿ ಕಡೆಯಿಂದ ತಿಪ್ಪೇರುದ್ರಮ್ಮ ಎಂಬ ಅಜ್ಜಿ ಮೊಮ್ಮಗಳು ಭೂಮಿಕಾಳ ಜೊತೆ ಬಂದಿದ್ದರು. ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಕೊನೆಗೆ ಟೀಚರ್ ಮನೆಗೆ ಹೋದೆವು. ಅವರು ತೀರಿಕೊಂಡಾಗ ಹಾಕಿದ ಬೀಗ ಹಾಗೇ ಇದೆ. ಕಟ್ಟೆಯ ಮೇಲೆ ಕೂತು, ಅವರು ಅರ್ಧಕ್ಕೇ ಬಿಟ್ಟ ಕಥೆ ಹೇಳಿದೆ. ಕುರಿ ಹುಡುಕುತ್ತ ಹೋದ ಹುಡುಗಿಯೊಬ್ಬಳು ಉಚ್ಚಂಗಿ ಗುಡ್ಡದಲ್ಲಿ ದಾರಿ ತಪ್ಪುತ್ತಾಳೆ. ಬರೆದಿರುವುದು ಅಷ್ಟೇ. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಗೋಡೆ ಬಿಸಿಲಿಗೆ ಕಾದಿದ್ದರೂ ಬೆನ್ನಿಗೆ ತಣ್ಣಗೆ ಹತ್ತಿತು. ಒಳಗೆ ಬಳಪದಿಂದ ಹಲಗೆಯ ಮೇಲೆ ಬರೆಯುವ ಸದ್ದು ಕೇಳಿತು.

ಕಣ್ಣು ಬಿಟ್ಟಾಗ ಅಜ್ಜಿ ಅಳುತ್ತಿದ್ದರು.

"ಕಥಿಯಾಗಾದ್ರೂ ಕೊಟ್ರವ್ವನ್ನ ಮನಿಗೆ ಮುಟ್ಟಿಸಿದ್ಯಲ್ಲವ್ವ," ಅಂದರು.

"ಯಾವ ಕೊಟ್ರವ್ವ? ನಾನು ಮುಂದೇನೂ ಹೇಳಲಿಲ್ಲ."

"ಹೇಳಿದ್ರಿ ಅಕ್ಕಾ," ಅಂದಳು ಭೂಮಿಕಾ. "ಅವರವ್ವ ಕಂದೀಲು ಹಿಡಕೊಂಡು ಗುಡ್ಡಕ್ಕ ಬಂದ್ಲು, ಕೊಟ್ರವ್ವ ಅಂತ ಕರದ್ಲು ಅಂದ್ರಿ."

ಟೀಚರ್ ಆ ಹುಡುಗಿಗೆ ಹೆಸರೇ ಇಟ್ಟಿರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ನನ್ನ ಮಗಳು ಕೊಟ್ರವ್ವ ಕುರಿ ಹಿಂದ ಹೋದಾಕಿ ಬರಲೇ ಇಲ್ಲವ್ವ. ಈಗ ಎಲ್ಲಿ ಅದಾಳ, ಅದನ್ನೂ ಹೇಳು."

ನನಗೆ ಏನೂ ಗೊತ್ತಿಲ್ಲ ಅಂದರೂ ಅವರು ನಂಬಲಿಲ್ಲ.

ಈಗ ಪ್ರತಿ ಭಾನುವಾರ ಅಜ್ಜಿ ಬಸ್ಸಿಳಿದು ನೇರ ಆ ಮನೆಗೆ ಹೋಗುತ್ತಾರೆ. ನನ್ನನ್ನು ಏನೂ ಕೇಳುವುದಿಲ್ಲ. ಬೀಗ ಹಾಕಿದ ಬಾಗಿಲಿಗೆ ಕಿವಿ ಹಚ್ಚಿ ಕೂತು, ಆಗಾಗ "ಹೂಂ, ಆಮ್ಯಾಲ?" ಅನ್ನುತ್ತಾರೆ.